ಕೊಸರಿಗೆ ಹಿಡಿಸಿದ ಸಾಣೆ

ಸ್ವಂತ ಅಂಗಡಿಯ ಸರಕನ್ನು ತಾನೇ ಬಳಸುವವನು ವ್ಯಾಪಾರಿಯಲ್ಲ, ದುಡ್ಡು ಕೊಡದ ಗಿರಾಕಿ ಎಂಬುದು ಫಿದೆನ್ಸಿಯೊ ಸಮೂದಿಯೊನ ಸಿದ್ಧಾಂತ. ಅಲ್ವಾರಾದೊ ಬಂದರಿನ ಮೀನುಪೇಟೆಯ ಹಿಂಬೀದಿಯಲ್ಲಿ ಅವನ ಅಂಗಡಿ. ಮೊಳೆ, ಬಣ್ಣ, ಬಲೆಯ ದಾರ, ಬಲ್ಬು, ಇಲಿಪಾಷಾಣ ಎಲ್ಲವೂ ಅಲ್ಲಿ ಸಿಗುತ್ತಿತ್ತು. ಸಾಲ ಮಾತ್ರ ಸಿಗುತ್ತಿರಲಿಲ್ಲ. ಗಲ್ಲಾದ ಹಿಂದೆ ಬಳಸಿ ಬಿಸಾಡುವ ಹಳದಿ ರೇಜರುಗಳ ಮಾಲೆಯೊಂದು ನೇತಾಡುತ್ತಿತ್ತು. ಒಂದೊಂದರ ಮೇಲೆ ಎಷ್ಟು ಗಿಟ್ಟುತ್ತದೆಂದು ಅವನಿಗೆ ಗೊತ್ತಿತ್ತಲ್ಲ, ನೆಮ್ಮದಿ ಕೆಟ್ಟದ್ದೇ ಅದರಿಂದ. ಊರಿನ ಗಡ್ಡವೆಲ್ಲ ಲಾಭ ತರುವಾಗ ತನ್ನ ಗಡ್ಡವೊಂದೇ ನಷ್ಟದ ಬಾಬ್ತು.

ಒಂದು ಭಾನುವಾರ ಮಧ್ಯಾಹ್ನ, ಮುಂದಿಟ್ಟ ಮೀನಿನ ಸಾರು ಆರಿ ಕೆನೆಗಟ್ಟುವವರೆಗೂ ಬೆರಳು ಮಡಿಸಿ, "ಎಲ್ವಿರಾ, ಸಾಯೋ ಹೊತ್ತಿಗೆ ನಾನು ಒಂದು ದೋಣಿ ಮೋಟಾರನ್ನೇ ಕಸದ ಬುಟ್ಟಿಗೆ ಹಾಕಿರ್ತೀನಿ," ಎಂದ.

"ಯಾವ ಮೋಟಾರು?" ಎಂದಳು ಹೆಂಡತಿ.

"ರೇಜರುಗಳ ರೂಪದಲ್ಲಿ. ವಾರಕ್ಕೊಂದು ಬಿಸಾಡ್ತೀನಿ. ಕೂಡಿ ನೋಡು."

"ಸಾರು ಕುಡಿ ಮೊದಲು."

ಸಾರು ಕುಡಿದವನು ನೇರವಾಗಿ ತೀರಿಹೋದ ಕ್ಷೌರಿಕನ ವಿಧವೆ ದೋನ್ಯಾ ಚೋಲೆಯ ಮನೆಗೆ ಹೋದ. ಗಂಡನ ಹೆಸರೆತ್ತಿ ಆಕೆ ಅತ್ತಾಗ ತಾನೂ ಸ್ವಲ್ಪ ಅತ್ತು (ಅದರಿಂದ ಬೆಲೆ ಇಳಿಯಲಿಲ್ಲ), ಕೊಂಬಿನ ಹಿಡಿಯ ಹಳೆಯ ಕ್ಷೌರದ ಕತ್ತಿಯೊಂದನ್ನು ಕೊಂಡು ತಂದ. ಮಡಿಸಿದರೆ ಅಂಗೈಯಲ್ಲಿ ಅಡಗುವಂಥದು, ಬಿಚ್ಚಿದರೆ ರಾಜದಂಡದಂಥದು.

"ಎಷ್ಟಾಯ್ತು?"

"ಒಂದೇ ಸಲ ಕೊಟ್ಟರೆ ಮುಗೀತು."

"ಎಷ್ಟಾಯ್ತು ಅಂದೆ."

"ಐವತ್ತು ವರ್ಷಕ್ಕೆ ಹಂಚಿ ನೋಡು, ಏನೇನೂ ಅಲ್ಲ."

"ನಿನಗೀಗಲೇ ಐವತ್ತು ದಾಟಿದೆ. ನೂರು ತುಂಬಿದ ಮೇಲೆ ಗಡ್ಡ ಹೆರ್ಕೊಂಡು ಯಾರ ಮದುವೆಗೆ ಹೋಗಬೇಕು?"

"ನನ್ನದು ಮುಗಿದರೆ ಮಗನಿಗೆ ಬರುತ್ತೆ."

"ನಮಗಿರೋದು ಮಗಳು."

"ಹಾಗಾದ್ರೆ ಅಳಿಯನಿಗೆ."

"ಅವನು ಗಡ್ಡ ಬಿಟ್ಟಿರಲಪ್ಪಾ ಅಂತ ಮೋಂಬತ್ತಿ ಹಚ್ತೀನಿ," ಎಂದು ಎಲ್ವಿರಾ ತಟ್ಟೆ ಎತ್ತಿಕೊಂಡು ಹೋದಳು.

ಕತ್ತಿ ಬಂದ ಮೇಲೆ ಅದರ ಬಂಧುಬಳಗವೂ ಒಬ್ಬೊಬ್ಬರಾಗಿ ಬಂದಿಳಿಯಿತು. ಮೊದಲು ಬಂದದ್ದು ಮಸೆಯಲು ಚರ್ಮದ ಪಟ್ಟಿ. ಆಮೇಲೆ ಬ್ರಷ್ಷು, ಬ್ರಷ್ಷಿಗೊಂದು ಬಟ್ಟಲು, ಬಟ್ಟಲಿಗೊಂದು ಸೋಪು, ಗಾಯಕ್ಕೆ ಪಟಿಕ. ಕಡಲಗಾಳಿಗೆ ಉಕ್ಕು ಒಂದು ರಾತ್ರಿಯಲ್ಲೇ ಕಂದುಬಣ್ಣಕ್ಕೆ ತಿರುಗುತ್ತದೆಂದು ಗೊತ್ತಾದ ಮೇಲೆ ಎಣ್ಣೆ. ಇವೆಲ್ಲ ಖರ್ಚಲ್ಲ, ಮೂಲಬಂಡವಾಳ ಎಂದು ಫಿದೆನ್ಸಿಯೊ ಘೋಷಿಸಿದ. ಮಸೆದು, ನೊರೆಯೆಬ್ಬಿಸಿ, ಹೆರೆದು, ಒರೆಸಿ, ಎಣ್ಣೆ ಸವರುವಷ್ಟರಲ್ಲಿ ಬಿಸಿಲೇರುತ್ತಿತ್ತು. ಬೆಳಗಿನ ದೋಣಿಯವರು ಬಾಗಿಲು ತಟ್ಟಿ ಎದುರಂಗಡಿಗೆ ಹೋಗುತ್ತಿದ್ದರು.

"ಆ ಹೋದ ಗಿರಾಕಿಗಳನ್ನ ಯಾವ ಬಾಬ್ತಿಗೆ ಬರೀತೀಯ?" ಎಂದು ಎಲ್ವಿರಾ ಕೇಳಿದಳು. ಅವನು ಕತ್ತಿಯನ್ನು ಬಾಯಿಯ ಪಕ್ಕಕ್ಕೆ ತಂದ.

ಇದೆಲ್ಲ ನಡೆದದ್ದು ಮಗಳು ನಾಯೆಲಿಗೆ ಹದಿನೈದು ತುಂಬುವ ವರ್ಷ. ಹೆಣ್ಣಿಗೆ ಹದಿನೈದಾದರೆ ಆ ಊರಲ್ಲಿ ಮದುವೆಯ ಅರ್ಧದಷ್ಟು ಸಡಗರ. ಒಂದೊಂದು ಖರ್ಚಿಗೆ ಒಬ್ಬೊಬ್ಬ ಧರ್ಮತಂದೆಯೋ ಧರ್ಮತಾಯಿಯೋ ಹೆಗಲು ಕೊಡುವುದು ರೂಢಿ. ಬೇರೆಯವರು ಎರಡು ಮೂರು ಕಡೆ ಸಂಕೋಚದಿಂದ ಕೇಳುತ್ತಾರೆ. ಫಿದೆನ್ಸಿಯೊ ಸಗಟು ಲೆಕ್ಕದಲ್ಲಿ ಕೇಳಿದ. ಕೇಕು ಔಷಧಿ ಅಂಗಡಿಯವನ ತಲೆಗೆ. ಸಭಾಂಗಣ ಐಸ್ ಕಾರ್ಖಾನೆಯವನಿಗೆ. ವಾದ್ಯ ಒಬ್ಬನಿಗೆ, ಕಿರೀಟ ಇನ್ನೊಬ್ಬಳಿಗೆ. ಬಾಡಿಗೆಯ ಬಿಳಿ ಗೌನು ನಾದಿನಿ ಅಂಪಾರೊಗೆ. ಕೇಕು ಕತ್ತರಿಸುವ ಚಾಕುವಿಗೆ ಕಟ್ಟುವ ರಿಬ್ಬನ್ನಿಗೂ ಒಬ್ಬ ಧರ್ಮತಂದೆಯನ್ನು ಹಿಡಿದ. ಎಲ್ಲವನ್ನೂ ಹಂಚಿದ ಮೇಲೆ ಹೆತ್ತ ತಂದೆಯ ಪಾಲಿಗೆ ಉಳಿದದ್ದು ಮಗಳೊಡನೆ ಕುಣಿಯುವ ಮೊದಲ ವಾಲ್ಟ್ಸ್ ಮಾತ್ರ.

ಅದಕ್ಕೆ ಖರ್ಚಿಲ್ಲವೆಂದೇ ಅವನು ಉಳಿಸಿಕೊಂಡ ಎಂದು ಊರು ಆಡಿಕೊಂಡಿತು. ಊರಿಗೆ ಒಳಗಿನದು ಗೊತ್ತಿರಲಿಲ್ಲ. ಎರಡು ತಿಂಗಳಿಂದ ದಿನವೂ ಸಂಜೆ ಬಾಗಿಲು ಹಾಕಿಕೊಂಡು, ಬಣ್ಣದ ಡಬ್ಬಗಳ ನಡುವೆ, ತಂದೆ ಮಗಳು ಹೆಜ್ಜೆ ಹಾಕುತ್ತಿದ್ದರು.

"ಪಪ್ಪಾ, ಕಾಲು ನೋಡ್ಬೇಡ. ನನ್ನ ಮುಖ ನೋಡು."

"ಮುಖ ನೋಡಿದರೆ ಕಾಲು ತಪ್ಪುತ್ತೆ ಕಣೇ."

"ತಪ್ಪಲಿ. ತಪ್ಪಿದ್ರೂ ನಗ್ತಾ ಇರು, ಯಾರಿಗೂ ಗೊತ್ತಾಗಲ್ಲ."

ಲಾಭವಿಲ್ಲದ ಕೆಲಸಕ್ಕೆ ಫಿದೆನ್ಸಿಯೊ ಹಾಗೆ ಬೆವರು ಸುರಿಸಿದ್ದು ಜನ್ಮದಲ್ಲಿ ಅದೇ ಮೊದಲು. ಮಲಗಿದಲ್ಲೂ ಅವನ ಪಾದ ಹೊದಿಕೆಯೊಳಗೆ ತಿರುಗುತ್ತಿತ್ತು. ಎಲ್ವಿರಾ ಒದೆ ತಿಂದೂ ಸುಮ್ಮನಿರುತ್ತಿದ್ದಳು.

ಅಷ್ಟರಲ್ಲಿ ಕತ್ತಿಯ ಬಾಯಿ ಹೋಯಿತು. ಚರ್ಮದ ಪಟ್ಟಿಗೆ ಎಷ್ಟು ತೀಡಿದರೂ ಕೂದಲು ಕತ್ತರಿಸದೆ ಕಿತ್ತು ತೆಗೆಯತೊಡಗಿತು. ಚೌಕದ ಕ್ಷೌರಿಕ, ನುಣ್ಣನೆ ಕಲ್ಲಿನ ಮೇಲೆ ನಿಧಾನವಾಗಿ ಮಸೆದು ಕೊಡುತ್ತೇನೆಂದು ಒಂದು ದರ ಹೇಳಿದ. ಆ ದರಕ್ಕೆ ಒಂದು ಮಾಲೆ ರೇಜರ್ ಬರುತ್ತದಲ್ಲ ಎಂದು ಫಿದೆನ್ಸಿಯೊಗೆ ಹೊಳೆಯಿತು. ಹೊಳೆದದ್ದನ್ನು ಹೆಂಡತಿಗೆ ಹೇಳಲಿಲ್ಲ.

ಮಗಳ ಹದಿನೈದರ ಹಬ್ಬದ ದಿನ ಬೆಳಗಿನ ಪೂಜೆಗೆ ಚರ್ಚಿಗೆ ಅವನು ಮುಳ್ಳುಗಡ್ಡದಲ್ಲೇ ಹೋದ. "ದೇವರಿಗೆ ನಡೆಯುತ್ತೆ, ಸಂಜೆ ಫೋಟೋಗೆ ನಡೆಯಲ್ಲ," ಎಂದು ಎಲ್ವಿರಾ ಮೆಟ್ಟಿಲ ಮೇಲೇ ಹೇಳಿದಳು. ಮನೆಗೆ ಬರುತ್ತಿದ್ದಂತೆ ಬೀದಿಯಲ್ಲಿ ಸಾಣೆಯವನ ಸೀಟಿ ಕೇಳಿಸಿತು. ಸೈಕಲ್ಲಿನ ಹಿಂಗಾಲಿಯನ್ನು ಎತ್ತಿ ನಿಲ್ಲಿಸಿ, ಪೆಡಲು ತುಳಿದು ಕಲ್ಲು ತಿರುಗಿಸುವವನು. ಫಿದೆನ್ಸಿಯೊ ಅಡುಗೆಮನೆಯ ಚಾಕುಗಳನ್ನೆಲ್ಲ ಬಾಚಿಕೊಂಡು ಓಡಿದ. ಚಾಕುಗಳ ದರವನ್ನು ಅರ್ಧಕ್ಕಿಳಿಸಿ, ಕೊನೆಗೆ ಜೇಬಿನಿಂದ ಕತ್ತಿ ತೆಗೆದ.

"ಇಷ್ಟೆಲ್ಲಾ ಕೊಟ್ಟಿದೀನಿ. ಇದನ್ನ ಕೊಸರಿಗೆ ಹಾಕಿಬಿಡು."

"ಇದು ಮುಖದ್ದಲ್ವಾ ದೋನ್ ಫಿದೆನ್ಸಿಯೊ? ನಂದು ಮೀನು ಕೊಯ್ಯೋ ಚಾಕುವಿನ ಕಲ್ಲು."

"ಉಕ್ಕು ಉಕ್ಕೇ. ಕೊಸರು ಇಲ್ಲ ಅಂತ ಹೇಳೋಕೆ ಸುತ್ತಿ ಬಳಸಿ ಮಾತಾಡಬೇಡ."

ಆ ಊರಲ್ಲಿ ಕೊಸರು ಕೊಡದ ವ್ಯಾಪಾರಿಗೆ ಮರ್ಯಾದೆಯಿಲ್ಲ. ಸಾಣೆಯವನು ಮರ್ಯಾದಸ್ಥ. ಪೆಡಲು ತುಳಿದ. ಕಿಡಿ ಹಾರಿತು, ಕಾವಿಗೆ ಉಕ್ಕಿನ ಅಂಚು ನೀಲಿಗಟ್ಟಿತು. ಆ ನೀಲಿಯೂ ಕೊಸರಿಗೇ ಬಂತೆಂದುಕೊಂಡು ಫಿದೆನ್ಸಿಯೊ ಒಳಗೆ ಬಂದ.

ಮೊದಲ ಎಳೆತಕ್ಕೆ ಕೆನ್ನೆ ಉರಿಯಿತು. ಎರಡನೆಯದಕ್ಕೆ ನೊರೆ ಕೆಂಪಾಯಿತು. ಅಂಚು ಗರಗಸವಾಗಿತ್ತು. ಅಲ್ವಾರಾದೊದವರ ಬೈಗುಳ ಇಡೀ ಕರಾವಳಿಗೆ ಹೆಸರುವಾಸಿ; ಆ ಮಧ್ಯಾಹ್ನ ಅಲ್ವಾರಾದೊದವರೇ ಕಿಟಕಿ ಎಳೆದುಕೊಂಡರು. ಎಲ್ವಿರಾ ಬಂದು ನೋಡಿದಳು.

"ಅಂಗಡಿಯಿಂದ ಒಂದು ರೇಜರ್ ತರಲಾ?"

"ಅದು ಮಾರೋ ಸರಕು."

"ಫಿದೆನ್ಸಿಯೊ, ಇವತ್ತು ಒಂದು ದಿನ."

"ಒಂದು ದಿನ ಅಂತಲೇ ಜನ ಹಾಳಾಗೋದು," ಎಂದು ಅವನು ಗದ್ದಕ್ಕೆ ಕತ್ತಿಯಿಟ್ಟ. ಗದ್ದದ ಕೆಳಗೆ ಇನ್ನೊಂದು ಬಾಯಿ ತೆರೆದುಕೊಂಡಿತು.

ಪಟಿಕ ಕರಗಿಹೋಯಿತು. ಹತ್ತಿ ಮುಗಿಯಿತು. ಸಂಜೆ ಸಭಾಂಗಣದಲ್ಲಿ ಅವನು ಮುಖದ ತುಂಬ ಕಾಗದದ ಚೂರು ಮೆತ್ತಿಕೊಂಡು, ಗದ್ದಕ್ಕೆ ಕರವಸ್ತ್ರವೊತ್ತಿ ನಿಂತಿದ್ದ. ನಡುವೆ ನಾಯೆಲಿ, ಮೊಸರಿನಷ್ಟು ಬಿಳಿಯ ಗೌನಿನಲ್ಲಿ. ಅವಳು ಕೈ ಚಾಚಿದಳು. ಫಿದೆನ್ಸಿಯೊ ಕರವಸ್ತ್ರ ತೆಗೆದು ಹೆಜ್ಜೆಯಿಟ್ಟ; ಅಂಗಿಯ ಕಾಲರಿನ ಮೇಲೆ ತೊಟ್ಟೊಂದು ಬಿತ್ತು. ಅಂಪಾರೊ ಅಡ್ಡ ಬಂದಳು.

"ಭಾವ, ಗೌನಿನ ಬಾಡಿಗೆ ನಂದು, ಒಪ್ಕೋತೀನಿ. ಕಲೆಯಾದರೆ ನಾಲ್ಕು ಸಾವಿರ ಪೆಸೊ ಕಟ್ಟಿಸ್ಕೋತಾರೆ. ಅದು ನಿಮ್ಮದು."

"ಪರವಾಗಿಲ್ಲ ಬಾ ಪಪ್ಪಾ," ಎಂದಳು ನಾಯೆಲಿ.

ಅವಳು ಹೇಳಿದ್ದು ಅವನಿಗೆ ಕೇಳಿಸಿತು. ನಾಲ್ಕು ಸಾವಿರವೂ ಕೇಳಿಸಿತು. ಮುಂದಿಟ್ಟ ಕಾಲು ಅಲ್ಲೇ ನಿಂತಿತು.

"ಒಂದ್ನಿಮಿಷ ತಡಿ ಮಗಳೇ. ರಕ್ತ ನಿಲ್ಲಲಿ," ಎಂದ.

ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಕೂಡುವುದು ಕಳೆಯುವುದು ನಡೆದಾಗ ಹೇಗಿರುತ್ತದೆಂದು ಅಂಗಡಿಯಲ್ಲೇ ಬೆಳೆದವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವಳು ಚಾಚಿದ ಕೈಯನ್ನು ಇಳಿಸಿದಳು. ಗಂಟೆಯ ಲೆಕ್ಕದಲ್ಲಿ ಬಂದ ವಾದ್ಯದವರು ಕಾಯುವವರಲ್ಲ, ವಾಲ್ಟ್ಸ್ ಶುರುವಾಯಿತು. ನಡುವೆ ಒಬ್ಬಳೇ ನಿಂತ ಹುಡುಗಿಯನ್ನು ನೋಡಲಾಗದೆ ಯಾರೋ ಎಲ್ವಿರಾಳ ತಮ್ಮ ರಮೀರೊನನ್ನು ಮುಂದಕ್ಕೆ ದೂಡಿದರು. ದೋಣಿಯಲ್ಲಿ ದುಡಿದದ್ದನ್ನು ದಡಕ್ಕೆ ಬರುವ ಮುಂಚೆಯೇ ಮುಗಿಸುವ ಆಸಾಮಿ ಎಂದು ಫಿದೆನ್ಸಿಯೊ ಹದಿನೈದು ವರ್ಷ ಬೈದದ್ದು ಅವನನ್ನೇ. ರಮೀರೊ ಅಕ್ಕನ ಮಗಳ ಸೊಂಟಕ್ಕೆ ಕೈಯಿಟ್ಟು ತಿರುಗಿದ. ದೀಪದ ಕೆಳಗೆ ಅವನ ಕೆನ್ನೆ ಹೊಸ ತಟ್ಟೆಯಂತೆ ಹೊಳೆಯಿತು. ಫೋಟೋದವನು ಸುತ್ತ ಓಡಾಡಿ ತೆಗೆದದ್ದೇ ತೆಗೆದದ್ದು.

ಎಲ್ವಿರಾ ಬಂದು ಗಂಡನ ಪಕ್ಕ ನಿಂತು, ಅವನ ಕೈಯಿಂದ ಕರವಸ್ತ್ರ ಕಿತ್ತುಕೊಂಡು ಗಾಯ ಒತ್ತಿ ಹಿಡಿದಳು. ಸ್ವಲ್ಪ ಜೋರಾಗಿಯೇ ಒತ್ತಿದಳು.

"ಅವನ ಗಡ್ಡ ನೋಡು," ಎಂದ ಫಿದೆನ್ಸಿಯೊ ಕೊನೆಗೆ. "ಇಷ್ಟು ನುಣ್ಣಗೆ ಎಲ್ಲಿ ಮಾಡಿಸ್ಕೊಂಡ?"

"ಮಾಡಿಸ್ಕೊಂಡಿಲ್ಲ. ಮಧ್ಯಾಹ್ನ ನೀನು ಬಚ್ಚಲಲ್ಲಿ ಬೈತಿದ್ದಾಗ ಅಂಗಡಿಗೆ ಬಂದು ಹಳದಿ ರೇಜರ್ ಒಂದು ತಗೊಂಡ. ಹೆರ್ಕೊಂಡು ಅಲ್ಲೇ ಬಿಸಾಡಿ ಹೋದ."

ಫಿದೆನ್ಸಿಯೊ ಮಗಳನ್ನು ನೋಡಿದ. ಅವಳು ಮಾವನ ಕಾಲು ನೋಡದೆ ಮುಖ ನೋಡುತ್ತ ನಗುತ್ತಿದ್ದಳು. ಏನಾದರೂ ಹೇಳಲೇಬೇಕೆಂದು ಬಾಯಿ ತೆರೆದ. ಆ ಬಾಯಿಗೆ ಅಭ್ಯಾಸವಿದ್ದದ್ದು ಹೊರಗೆ ಬಂತು.

"ದುಡ್ಡು ಕೊಟ್ಟನಾ?"

ಎಲ್ವಿರಾ ಕರವಸ್ತ್ರವನ್ನು ಅವನ ಕೈಗೇ ಇಟ್ಟಳು.

"ಕೊಟ್ಟ. ಚಿಲ್ಲರೆ ನಿನ್ನಲ್ಲೇ ಇರಲಿ ಅಕ್ಕಾ ಅಂದ," ಎಂದು ಹೇಳಿ, ಮಗಳ ಕುಣಿತ ಚೆನ್ನಾಗಿ ಕಾಣುವ ಕಡೆಗೆ ಹೋಗಿ ನಿಂತಳು.