ನಮ್ಮ ದಳವಾಯಿಯ ಹೊಟ್ಟೆಯಲ್ಲಿ ಬಿಡುವಿಲ್ಲದೆ ದುಡಿಯುತ್ತಿರುವ ಗ್ರಂಥಿಯವರಿಗೆ

ದಾವಣಗೆರೆ
೧೯೬೩ನೆಯ ಇಸವಿ, ಚಳಿಗಾಲ

ನಮ್ಮ ಮನೆಯ ನಾಯಿ ದಳವಾಯಿಯ ಜಠರದ ಹಿಂಬದಿಯಲ್ಲಿ ಬಿಡಾರ ಮಾಡಿಕೊಂಡಿರುವ ಶ್ರೀ ಮೇದೋಜೀರಕ ಗ್ರಂಥಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಹಾಲೇಶಪ್ಪ ಮಾಡುವ ಶರಣು ಶರಣಾರ್ಥಿ. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವೇ ಇಲ್ಲದಂತೆ ತಾವು ದಿನದಿಂದ ದಿನಕ್ಕೆ ಬೆಳೆಯುತ್ತಿದ್ದೀರೆಂದು ದನದ ಡಾಕ್ಟರು ಹೇಳಿದ್ದಾರೆ.

ನಾನು ಹತ್ತಿ ಮಿಲ್ಲಿನಲ್ಲಿ ಬೇಲು ಹೊರುತ್ತ, ಅಂಗಡಿಯ ಬೋರ್ಡು ಓದಿ ಅಕ್ಷರ ಕಲಿತವನು. ನೆಂಟರಿಷ್ಟರಿಗೆ ಕಾರ್ಡು ಬರೆದು ಬರೆದು ಕೈ ತಿದ್ದಿಕೊಂಡವನು. ಗ್ರಂಥಿಯೊಬ್ಬರಿಗೆ ಪತ್ರ ಬರೆಯುವ ರೀತಿಯನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಾವು ಹೇಗೂ ಅಲ್ಲೇ ಇದ್ದೀರಿ. ತಮ್ಮ ವಿಳಾಸಕ್ಕೆ ಹೋಗುವ ದಾರಿ ಟಪಾಲಿನವನಿಗೆ ತಿಳಿಯದು, ನಮ್ಮ ಬೀಗರು ಬಿಜ್ಜರಂತೂ ಪ್ರತಿ ಕಾಗದದಲ್ಲೂ ಮದುವೆ ಮುಂಜಿಯ ಮಾತು ಬಿಟ್ಟು "ನಾಯಿ ಹೆಂಗೈತೆ" ಎಂದೇ ಕೇಳುತ್ತಾರೆ. ಆದ್ದರಿಂದ ಒಬ್ಬೊಬ್ಬರಿಗೆ ಬರೆಯುವ ಬದಲು ತಮಗೇ ಬರೆದು ಎಲ್ಲರೂ ಓದಲಿ ಎಂದು ಬಹಿರಂಗವಾಗಿ ಇಟ್ಟಿದ್ದೇನೆ.

ಮೊದಲಿಗೆ, ತಾವು ವಾಸವಾಗಿರುವ ಮನೆಯ ವಿಚಾರ. ದಳವಾಯಿ ಜಾತಿವಂತ ನಾಯಿಯಲ್ಲ. ಹರಿಹರದಲ್ಲಿ ನನ್ನ ಅಕ್ಕ ನಾಗಕ್ಕನ ಹಿತ್ತಿಲಲ್ಲಿ ಹುಟ್ಟಿ, ರೊಟ್ಟಿ ಬುಟ್ಟಿಯೊಳಗೆ ಕೂತು, ಟಿಕೇಟಿಲ್ಲದೆ ರೈಲು ಹತ್ತಿ ದಾವಣಗೆರೆಗೆ ಬಂದವನು. ನಮ್ಮ ಮನೆಯವರಾದ ನೀಲಕ್ಕ ಅವನಿಗೆ ಕಲಿಸಿದ್ದು ಒಂದೇ ಪಾಠ: ಮನೆಯಾಕೆ ತುತ್ತು ಬಾಯಿಗಿಟ್ಟ ಮೇಲೆ ನಾಯಿಯ ಸರದಿ. ಆಕೆ ಮನೆಮಂದಿಗೆಲ್ಲ ಬಡಿಸಿ, ಬಂದವರಿಗೆ ಬಡಿಸಿ, ಪಾತ್ರೆಯ ತಳ ಕಂಡ ಮೇಲೆ ಆರಿದ ಸಾರು ಸುರಿದುಕೊಂಡು ಕೂರುವ ಜಾತಿ. ಅಲ್ಲಿಯತನಕ ಇವನೂ ಹೊಸ್ತಿಲ ಮೇಲೆ ಗದ್ದವಿಟ್ಟು ಕಾಯುವವನೇ. ನಾನು ತಟ್ಟೆ ಹಿಡಿದು ಕರೆದರೆ ಮುಖ ಅತ್ತ ತಿರುಗಿಸುತ್ತಾನೆ, ನಾನು ಯಾರೋ ದಾರಿಹೋಕ ಎಂಬಂತೆ. ಮದುವೆಯಾಗಿ ಬಂದ ವರ್ಷದಿಂದ ನೀಲಕ್ಕನಿಗೆ ಸೋಮವಾರ ಒಪ್ಪತ್ತು, ಸಂಜೆ ಪೂಜೆಯಾದ ಮೇಲೆಯೇ ಊಟ. ಆದ್ದರಿಂದ ದಳವಾಯಿಗೂ ಸೋಮವಾರ ಒಪ್ಪತ್ತು. ಓಣಿಯವರು ತಮ್ಮ ಮಕ್ಕಳಿಗೆ "ಆ ನಾಯಿ ನೋಡಿ ಕಲೀರಿ" ಎಂದು ಬೈಯುವಷ್ಟು ಅವನ ಕೀರ್ತಿ ಬೆಳೆದಿತ್ತು.

ತಾವು ಮೊದಲು ದರ್ಶನ ಕೊಟ್ಟದ್ದು ಶ್ರಾವಣದ ಒಂದು ಸೋಮವಾರ. ಪಕ್ಕದ ಮನೆಯ ಉಚ್ಚೆಂಗೆಮ್ಮ ಮೊರ ಕೇಳಲು ಬಂದಿದ್ದಳು. ದಳವಾಯಿ ಬಾಲ ಅಲ್ಲಾಡಿಸಲು ಎದ್ದವನು ಸೇಂದಿ ಕುಡಿದವನಂತೆ ತೂರಾಡಿ, ಹಿಂಗಾಲು ಹೆಣೆದುಕೊಂಡು ಬಿದ್ದು, ಕಣ್ಣು ಮೇಲೆ ಮಾಡಿ ಗಡಗಡ ನಡುಗತೊಡಗಿದ. ಉಚ್ಚೆಂಗೆಮ್ಮ ಮೊರ ಕೆಳಗಿಟ್ಟು ಕೈಮುಗಿದಳು. "ನೀಲಕ್ಕ, ಸೋಮವಾರ ಕಣೇ ಇವತ್ತು. ಇದು ಸುಮ್ಮನೆ ಬಿದ್ದಿದ್ದಲ್ಲ. ಮೈಮ್ಯಾಲೆ ಬಂದೈತೆ."

ವಿಭೂತಿ ಹಚ್ಚಿದರು. ಬಾಳೆಹಣ್ಣು ಬೆಲ್ಲ ಕಿವುಚಿ ಪ್ರಸಾದವೆಂದು ಬಾಯಿಗೆ ಸವರಿದರು. ಸ್ವಲ್ಪ ಹೊತ್ತಿಗೆ ನಾಯಿ ಎದ್ದು ಮೈ ಕೊಡವಿತು. ಎಬ್ಬಿಸಿದ್ದು ಬೆಲ್ಲ, ಹೆಸರು ಬಂದದ್ದು ವಿಭೂತಿಗೆ. ಮುಂದಿನ ಸೋಮವಾರ ಅಂಗಳದಲ್ಲಿ ಜನ. ಮಿಲ್ಲಿನಲ್ಲಿ ಕೆಲಸ ಕಾಯಂ ಆಗುತ್ತದೆಯೇ ಎಂದು ಒಬ್ಬ, ಮಗಳಿಗೆ ಬಂದ ಗಂಡು ಹೇಗೆ ಎಂದು ಇನ್ನೊಬ್ಬ. ದಳವಾಯಿ ಬಿದ್ದಲ್ಲಿಂದ ಯಾವ ಗೋಡೆಯತ್ತ ನೋಡಿದನೋ ಆ ದಿಕ್ಕಿನ ಸಂಬಂಧ ಗಟ್ಟಿಯಾಯಿತು. ನಮ್ಮ ಓಣಿಯ ಒಂದು ಮದುವೆಯನ್ನು ಹೀಗೆ ತಾವು ನಿಶ್ಚಯಿಸಿದ್ದೀರಿ. ಗಂಡು ಒಳ್ಳೆಯವನೇ ಸಿಕ್ಕಿದ್ದಾನೆ, ಅದಕ್ಕೆ ತಮಗೆ ವಂದನೆಗಳು. ಆದರೆ ಅದೇ ವಾರ ದಳವಾಯಿ ಮಂಗಳವಾರವೂ ಬಿದ್ದ, ಗುರುವಾರವೂ ಬಿದ್ದ. ಆಗ ಉಚ್ಚೆಂಗೆಮ್ಮನಿಗೇ ಅನುಮಾನ ಬಂತು. "ಇದ್ಯಾವ ದೇವರವ್ವ, ವಾರಾನೇ ಗೊತ್ತಿಲ್ಲ."

ಹಾಗೆ ನಾವು ದನದ ಆಸ್ಪತ್ರೆಯ ಡಾಕ್ಟರ್ ಏಕಾಂತಪ್ಪನವರ ಬಳಿಗೆ ಹೋದೆವು. ಅವರು ನಾಯಿ ತೂರಾಡುವ ಹೊತ್ತಿಗೇ ಕಾದಿದ್ದು ರಕ್ತ ತೆಗೆದು, ಪಿ.ಜೆ. ಬಡಾವಣೆಯ ಗೆಳೆಯರೊಬ್ಬರ ದವಾಖಾನೆಯಲ್ಲಿ ಪರೀಕ್ಷೆ ಮಾಡಿಸಿ, ಬೆಂಗಳೂರಿನ ತಮ್ಮ ಗುರುಗಳನ್ನೂ ಕೇಳಿ, ನನ್ನನ್ನು ಬೆಂಚಿನ ಮೇಲೆ ಕೂರಿಸಿ ಗ್ರಂಥಿಯವರಾದ ತಮ್ಮ ಪರಿಚಯ ಮಾಡಿಕೊಟ್ಟರು.

"ಯಜಮಾನ್ರೇ, ಮೇದೋಜೀರಕ ಅಂತ ಒಂದು ಗ್ರಂಥಿ ಐತೆ. ಅದರಾಗೆ ಕ್ಯಾನ್ಸರಿನ ಗಡ್ಡೆ ಎದ್ದೈತೆ. ಬ್ಯಾಡ ಬ್ಯಾಡ ಅಂದ್ರೂ ಇನ್ಸುಲಿನ್ ಅನ್ನೋ ರಸ ಸುರೀತೈತೆ, ರಕ್ತದಾಗಿನ ಸಕ್ಕರೆ ದಢಕ್ಕನೆ ಇಳೀತೈತೆ. ತೆಗೆಯಾಕೆ ನನ್ನ ಕೈಲಿ ಆಗಲ್ಲ. ಹೊಟ್ಟೆ ಖಾಲಿ ಬಿಡದಂಗೆ ನೋಡ್ಕೊಂಡ್ರೆ ಇನ್ನೊಂದಷ್ಟು ತಿಂಗಳು ಚೆಂದಾಗಿ ಇರ್ತಾನೆ."

ಮಾನ್ಯರೇ, ತಮ್ಮ ಶ್ರದ್ಧೆಯನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಹತ್ತು ಸಲ ಎಡತಾಕಿದರೂ ಒಂದು ಸಹಿ ಸಿಗದ ಈ ಕಾಲದಲ್ಲಿ, ಯಾರೂ ಕೇಳದೆ, ಯಾರೂ ಹೇಳದೆ, ರಜೆಯಿಲ್ಲದೆ, ಭತ್ಯೆಯಿಲ್ಲದೆ ದುಡಿಯುವ ನೌಕರರನ್ನು ನಾನು ನೋಡಿದ್ದು ಇದೇ ಮೊದಲು. ನಮ್ಮೂರಿನ ಸಾಹುಕಾರರು ಸಕ್ಕರೆ ಕಾಯಿಲೆಗೆಂದು ಯಾವ ರಸವನ್ನು ಸೂಜಿಯಿಂದ ಚುಚ್ಚಿಸಿಕೊಂಡು ಅಯ್ಯೋ ಅನ್ನುತ್ತಾರೋ ಅದೇ ರಸ ನನ್ನ ಬೀದಿನಾಯಿಯ ಹೊಟ್ಟೆಯಲ್ಲಿ ಕೋಡಿ ಹರಿಯುತ್ತಿದೆ. ಭದ್ರಾ ನಾಲೆಗೆ ಇಟ್ಟ ಹಾಗೆ ತಾವೊಂದು ತೂಬು ಇಡಿಸಿ ಹೆಚ್ಚಿನದನ್ನು ಆ ಕಡೆ ತಿರುಗಿಸುವುದಾದರೆ, ಗುದ್ದಲಿ ಪೂಜೆಗೆ ತೆಂಗಿನಕಾಯಿ ನನ್ನದು.

ಡಾಕ್ಟರು ಹೇಳಿದ ಕ್ರಮ ಸುಲಭದ್ದೇ. ರೊಟ್ಟಿ, ಮೊಸರು, ಬೇಯಿಸಿದ ಮೊಟ್ಟೆ, ಇಂಥ ಗಟ್ಟಿ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ ಕೊಡಬೇಕು; ದಿನಕ್ಕೊಂದು ಮಾತ್ರೆ; ತೂರಾಡಿದರೆ ಮಾತ್ರ ಒಸಡಿಗೆ ಬೆಲ್ಲದ ಪಾಕ ತಿಕ್ಕಿ, ಎದ್ದ ಕೂಡಲೇ ಮತ್ತೆ ಗಟ್ಟಿ ಆಹಾರ. ಬರಿಯ ಸಿಹಿ ತಿನ್ನಿಸಿದರೆ ತಾವು ಸಿಹಿಯ ವಾಸನೆಗೆ ಇನ್ನಷ್ಟು ಉತ್ಸಾಹಗೊಂಡು ಇನ್ನಷ್ಟು ಸುರಿದು, ಎದ್ದವನನ್ನು ಮತ್ತೆ ಕೆಡವುತ್ತೀರಂತೆ. ಇದನ್ನು ಓಣಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಸಕ್ಕರೆ ಕಡಿಮೆಯಾದವನಿಗೆ ಸಕ್ಕರೆ ಕೊಡಬೇಡಿ ಎಂದರೆ ಯಾರು ನಂಬುತ್ತಾರೆ? ಹಿಂದಿನ ಮನೆಯ ಖತೀಜಾಬೀ ಒಬ್ಬಳೇ ಮಾತು ಮುಗಿಯುವ ಮೊದಲೇ ಅರ್ಥ ಮಾಡಿಕೊಂಡು, ನಮ್ಮ ಮನೆಯಲ್ಲಿ ಬೇಯಿಸಲಾಗದ್ದನ್ನು ತಾನು ಬೇಯಿಸಿ ಸೆರಗಿನಲ್ಲಿ ಮುಚ್ಚಿ ಹಿತ್ತಿಲ ಬಾಗಿಲಿಗೆ ತಂದಳು. "ಅಕ್ಕಾ, ಮೊಟ್ಟೆ ನಿಮಗಲ್ಲ, ದಳವಾಯಿಗೆ. ನೀವು ಆ ಕಡೆ ತಿರುಗಿ ರೊಟ್ಟಿ ತಿನ್ರಿ."

ನೀಲಕ್ಕ ರೊಟ್ಟಿ ತಿನ್ನಲೇಬೇಕಿತ್ತು, ಏಕೆಂದರೆ ಆಕೆ ತಿನ್ನದೆ ದಳವಾಯಿ ಮುಟ್ಟುವುದಿಲ್ಲ. ನಾಯಿಗೆ ಮೇಲಿಂದ ಮೇಲೆ ಊಟವೆಂದರೆ ಆಕೆಗೂ ಮೇಲಿಂದ ಮೇಲೆ ಊಟ. ಮಿಲ್ಲಿನ ಕೂಗು ಕೇಳಿದಾಗಲೆಲ್ಲ ಒಲೆಯ ಮುಂದಿನ ಕೆಲಸ ಬಿಟ್ಟು ಆಕೆ ತಟ್ಟೆ ಹಾಕಿಕೊಳ್ಳುವುದು, ಇವನು ಎದುರಿಗೆ ಕೂರುವುದು. ಸೋಮವಾರ ಮಾತ್ರ ಆಕೆ ಬರಿಗೈಯನ್ನು ಬಾಯಿಗೆ ಕೊಂಡೊಯ್ದು ಜಗಿದಂತೆ ಮಾಡಿದಳು. ಅವನು ಕೈಯನ್ನೇ ನೋಡಿದ, ಮೂಸಿದ, ಮುಖ ತಿರುಗಿಸಿದ. ತಾವಂತೂ ವಾರದ ಲೆಕ್ಕ ಇಟ್ಟವರಲ್ಲ. ನಿನ್ನೆ ಒಂದು ರೊಟ್ಟಿಗೆ ಸರಿಹೋದದ್ದು ಇವತ್ತು ಒಂದೂವರೆಗೂ ಸಾಲದು. ಬೆಳಿಗ್ಗೆ ಬೆಕ್ಕನ್ನು ಅಟ್ಟಿಸಿಕೊಂಡು ಹೋದವನು ಬಿಸಿಲೇರುವಷ್ಟರಲ್ಲಿ ಗೋಡೆಗೆ ಒರಗಿರುತ್ತಾನೆ. ಹೀಗೆ ಪ್ರತಿ ಸೋಮವಾರ ನಾವು ಪಾಕದ ಬಟ್ಟಲು ಹಿಡಿದು ಸಂಜೆಯ ಪೂಜೆಯತನಕ ಅವನನ್ನು ಹೇಗೋ ದಾಟಿಸುತ್ತಿದ್ದೆವು.

ಕಾರ್ತಿಕದ ಒಂದು ಸೋಮವಾರ ದಳವಾಯಿಯ ಸಮೇತ ಹರಿಹರದಲ್ಲಿ ನಾಗಕ್ಕನ ಮನೆಯಲ್ಲಿದ್ದೆವು. ಹೊಳೆಯಲ್ಲಿ ಮಿಂದು ಬಂದ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ತನ್ನ ಹಿತ್ತಿಲಲ್ಲಿ ಹುಟ್ಟಿದ ಕೂಸು ಮುಖ ಬಾಡಿಸಿಕೊಂಡು ಕೂತದ್ದನ್ನು ನೋಡಲಾರದೆ ನಾಗಕ್ಕ, ನಾವು ಅತ್ತ ಹೋದಾಗ, ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ಬಾಯಿಗಿಟ್ಟಿದ್ದಾಳೆ. ಹೋಳಿಗೆಯ ಮುಂದೆ ಯಾವ ಪಾಠ ನಿಲ್ಲುತ್ತದೆ? ತಿಂದ. ಅಂಗಳವೆಲ್ಲ ಕುಣಿದ. "ನೋಡೋ ಹಾಲೇಶಿ, ಸಿಹಿ ತಿಂದು ಯಾರಾನ ಕೆಟ್ಟಾರಾ" ಎಂದು ನಾಗಕ್ಕ ನನ್ನನ್ನು ಹಂಗಿಸಿದಳು. ಎಲೆಯಡಿಕೆ ಮುಗಿಯುವಷ್ಟರಲ್ಲಿ ತಾವು ಕೆಲಸಕ್ಕೆ ಹತ್ತಿದಿರಿ. ಅವನು ಹಾಗೆ ಬಿದ್ದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹಲ್ಲು ಕಚ್ಚಿಕೊಂಡಿತ್ತು, ಪಾಕ ತಿಕ್ಕಿದ ನನ್ನ ಬೆರಳಿಗೆ ಅವನ ಒಸಡು ತಣ್ಣಗೆ ತಾಗಿತು. ಬಹಳ ಹೊತ್ತಿನ ಮೇಲೆ ತಲೆಯೆತ್ತಿದ. ಈಗ ಗಟ್ಟಿ ಆಹಾರ ಹೋಗದಿದ್ದರೆ ಮತ್ತೆ ಬೀಳುತ್ತಾನೆ, ಬಿದ್ದರೆ ಏಳುತ್ತಾನೋ ಇಲ್ಲವೋ. ರೊಟ್ಟಿ ಚೂರು ಮೂತಿಗೆ ಹಿಡಿದೆ. ಮುಖ ತಿರುಗಿಸಿದ.

ನೀಲಕ್ಕ ಯಾರನ್ನೂ ಕೇಳಲಿಲ್ಲ. ನೆಲದ ಮೇಲೆ ಅವನೆದುರು ಕೂತು, ರೊಟ್ಟಿ ಮುರಿದು, ಮೊಸರಿನಲ್ಲಿ ಅದ್ದಿ, ಕಾರ್ತಿಕದ ಸೋಮವಾರ ನಡುಹಗಲಲ್ಲಿ ಅಷ್ಟೂ ಹೆಂಗಸರ ಮುಂದೆ ಬಾಯಿಗಿಟ್ಟು ಜಗಿದು ನುಂಗಿದಳು. ದಳವಾಯಿ ಆಕೆಯ ಗಂಟಲು ಆಡಿದ್ದನ್ನು ನೋಡಿ ಬಾಯಿ ತೆರೆದ.

"ಅಯ್ಯೋ ನೀಲಿ, ಹಿಡಿದ ವ್ರತಾನ ನಾಯಿ ಮುಂದೆ ಮುರಿದೆಯಲ್ಲೇ" ಎಂದಳು ನಾಗಕ್ಕ.

"ವ್ರತ ಹಿಡಿದಾಕಿ ನಾನು, ಅವನಲ್ಲ. ಇನ್ನೊಂದು ರೊಟ್ಟಿ ಹಾಕ್ರಿ ಅಕ್ಕಾ."

ನಾಗಕ್ಕ ಹಾಕಿದಳು. ಈಗ ಹರಿಹರದಿಂದ ಹೋಳಿಗೆ ಬರುವುದು ನಿಂತು ಪುಟಾಣಿ ಹಿಟ್ಟು ಬರುತ್ತಿದೆ.

ಇನ್ನು ನನ್ನ ದೂರು. ಮದುವೆಯಾದಾಗಿನಿಂದ ನಾನು ನೀಲಕ್ಕನಿಗೆ "ಕೂಡು, ಬಿಸಿ ಇದ್ದಾಗ ಉಣ್ಣು" ಎಂದು ಹೇಳಿದ್ದಕ್ಕೆಲ್ಲ "ಆಮ್ಯಾಲೆ ಉಣ್ತೀನಿ ತಗೋರಿ" ಎಂದು ಉತ್ತರ ಬರುತ್ತಿತ್ತು. ನಾನು ಹೇಳಿ ಸೋತದ್ದನ್ನು ತಾವು ಕೂತಲ್ಲೇ ಸಾಧಿಸಿದಿರಿ. ಆಕೆ ಈಗ ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ ಉಣ್ಣುತ್ತಾಳೆ, ನಾನು ಬಡಿಸುತ್ತೇನೆ, ತಟ್ಟೆ ಮುಂದೆ ಕೂತು ನಾಯಿಯ ಜೊತೆ ಓಣಿಯ ಸುದ್ದಿಯೆಲ್ಲ ಮಾತಾಡುತ್ತಾಳೆ. ಕೈಬಳೆ ಬಿಗಿಯಾಗಿವೆ. ಈ ಉಪಕಾರವನ್ನು ನಾನು ಯಾವ ಬಾಯಿಂದ ಒಪ್ಪಿಕೊಳ್ಳಲಿ? ಇಂಥ ಕೆಲಸ ಮಾಡಿದವರನ್ನು ಮನಸಾರೆ ಬೈಯಲೂ ಆಗದಂತೆ ಮಾಡಿದ್ದೇ ತಮ್ಮ ಮೇಲಿನ ನನ್ನ ಮುಖ್ಯ ಆಪಾದನೆ.

ಆದ್ದರಿಂದ ನನ್ನ ಬಿನ್ನಹವಿಷ್ಟೇ. ತಾವು ದಯಮಾಡಿ ಸಂಪು ಹೂಡಿ ಕೆಲಸ ನಿಲ್ಲಿಸಬೇಕು. ಹೇಗೆಂದು ತಿಳಿಯದಿದ್ದರೆ ನಮ್ಮ ಮಿಲ್ಲಿನ ಹಳೆಯ ಗೆಳೆಯರು ಬೇಕಾದಷ್ಟಿದ್ದಾರೆ, ಬಾವುಟ ಸಮೇತ ಕಳಿಸುತ್ತೇನೆ. ಅದು ತಮ್ಮ ಮನಸ್ಸಿಗೆ ಒಗ್ಗದಿದ್ದರೆ ಕೆಲಸವನ್ನಾದರೂ ನಿಧಾನಿಸಿ, ಒಂದು ಯುಗಾದಿ ದಾಟಲಿ. ಅದೂ ಆಗದಿದ್ದರೆ ಸುರಿಯುವ ಮುನ್ನ ಮಿಲ್ಲಿನ ಹಾಗೆ ಒಂದು ಕೂಗು ಹಾಕಿರಿ, ನಾವು ತಟ್ಟೆ ಇಡುತ್ತೇವೆ.

ಇಷ್ಟಾದರೂ ತಮ್ಮ ಮೇಲೆ ವಿಶ್ವಾಸವಿಡಲು ಹೆಣಗುತ್ತಿರುವ,

ತಮ್ಮ ವಿಶ್ವಾಸಿ,
ಹಾಲೇಶಪ್ಪ

ತಾ.ಕ.: ಎಷ್ಟು ಬೇಡಿಕೊಂಡರೂ ತಾವೊಂದು ದಿನ ಅವನನ್ನು ಕರೆದುಕೊಂಡು ಹೋಗುವಿರೆಂದು ಡಾಕ್ಟರು ಮರೆಮಾಚದೆ ಹೇಳಿದ್ದಾರೆ. ಹೋದ ಮೇಲೆ ಆಕೆ ಮತ್ತೆ ಆರಿದ ಸಾರಿಗೆ ಮರಳುತ್ತಾಳೆಂದು ತಾವು ಲೆಕ್ಕ ಹಾಕಿದ್ದರೆ ಅದು ತಪ್ಪು. ಕಳೆದ ವಾರದಿಂದ ನಾನೂ ದಳವಾಯಿಯ ಪಕ್ಕ ಹೊಸ್ತಿಲಲ್ಲಿ ಕೂತು, ಆಕೆ ತುತ್ತು ನುಂಗುವತನಕ ಅನ್ನ ಮುಟ್ಟದೆ ಮುಖ ತಿರುಗಿಸುವುದನ್ನು ಕಲಿಯುತ್ತಿದ್ದೇನೆ. "ಇವನೊಬ್ಬ ಸಾಲದೂಂತ ನೀವೂ ಶುರು ಮಾಡಿದ್ರಾ" ಎಂದು ಬೈಯುತ್ತಲೇ ಆಕೆ ತಟ್ಟೆ ಎಳೆದುಕೊಳ್ಳುತ್ತಾಳೆ. ಗುರುಗಳು ಪಕ್ಕದಲ್ಲೇ ಇದ್ದಾರೆ, ವಿದ್ಯೆ ಕೈಹತ್ತುತ್ತಿದೆ. ಆ ಜಾಗ ಖಾಲಿ ಬೀಳುವುದಿಲ್ಲ.