ರಿವೀಟಿನ ದೋಣಿಯೋ, ವೆಲ್ಡಿಂಗ್ ದೋಣಿಯೋ?

ಕಾಶ್ಮೀರದ ಶಿಕಾರಾ ದೋಣಿಯಲ್ಲಿ ಕೂತಿದ್ದೇನೆ, ಕಾಶಿಯ ದೋಣಿಯವರ ಜೊತೆ ಜಗಳ ಆಡಿದ್ದೇನೆ, ಕೇರಳದ ಹಿನ್ನೀರಿನಲ್ಲಿ ದೋಣಿಯೊಳಗೇ ನಿದ್ದೆ ಹೊಡೆದಿದ್ದೇನೆ. ಅಲ್ಲೆಲ್ಲ ಏನೂ ಆಗಲಿಲ್ಲ. ನನಗೆ ಆಗುವುದೆಲ್ಲ ತುಮಕೂರು ಜಿಲ್ಲೆಯಲ್ಲೇ ಆಗುತ್ತದೆ.

ಎಪ್ಪತ್ತರ ದಶಕದ ಕೊನೆ. ಕೆರೆ ಮೀನುಗಾರರ ಸೊಸೈಟಿಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಕುರ್ಚಿ ಇದ್ದದ್ದು ತುಮಕೂರಿನಲ್ಲಿ. ಕೂತಲ್ಲಿ ಕೂರುವ ಪೈಕಿಯಲ್ಲ ನಾನು, ಹಾಗಾಗಿ ಗುಬ್ಬಿ, ಕುಣಿಗಲ್ ಬಸ್ಸುಗಳಲ್ಲೇ ಹೆಚ್ಚು ಸಿಗುತ್ತಿದ್ದೆ. ಕುಣಿಗಲ್ ಕಡೆಯ ಒಂದು ಕೆರೆಗೆ ಅಲ್ಯೂಮಿನಿಯಂ ದೋಣಿ ಮಂಜೂರಾಗಿ, ನೋಡಿ ಆರಿಸಿಕೊಳ್ಳಲಿ ಅಂತ ಎರಡು ಬಂದವು. ಒಂದರ ತಗಡುಗಳನ್ನು ರಿವೀಟು ಹೊಡೆದು ಸೇರಿಸಿದ್ದರು, ನಮ್ಮ ಬಾಣಲೆಗೆ ಹಿಡಿ ಕೂರಿಸುತ್ತಾರಲ್ಲ, ಹಾಗೆ. ಇನ್ನೊಂದು ವೆಲ್ಡಿಂಗ್ ಮಾಡಿದ್ದು, ಒಂದು ಮೊಳೆಯೂ ಕಾಣದ ಹಾಗೆ ನುಣ್ಣಗಿತ್ತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕಳಿಸಬೇಕು. ಕುಣಿಗಲ್‌ಗೆ ಯಾವುದು ಒಗ್ಗುತ್ತದೋ ಗುಬ್ಬಿಯ ಕೆರೆಗೂ ಅದೇ.

ವರದಿ ಬರೆಯುವವಳು ನಾನು. ಆದರೆ ದಿನಾ ಅದರಲ್ಲಿ ಕೂರಬೇಕಾದವರು ಕೊತ್ತಗೆರೆ ಕಡೆಯ ಒಬ್ಬ ತಾತ. ಅವರ ಹರಿಗೋಲು ಹೋದ ವರ್ಷವೇ ತೂತಾಗಿ ಮೂಲೆ ಸೇರಿತ್ತು. ಅಂದಿನಿಂದ ದಡದಲ್ಲಿ ನಿಂತೇ ಬಲೆ ಬೀಸುತ್ತಿದ್ದರು. ದೊಡ್ಡ ಮೀನುಗಳಿಗೆ ದಡದ ತನಕ ಬಂದು ಸಿಕ್ಕಿಬೀಳುವಷ್ಟು ದೊಡ್ಡ ಮನಸ್ಸು ಇರಲಿಲ್ಲ. ಮನೆಯಲ್ಲಿ ಸಾರು ದಿನೇ ದಿನೇ ತೆಳ್ಳಗಾಗುತ್ತಿತ್ತು.

"ತಾತ, ನಿಮಗೆ ಯಾವ್ದು ಬೇಕು?" ಅಂದೆ.

"ಸೋರ್ದೇ ಇರೋದು ಕೊಡವ್ವ. ನಂಗೆ ಈಜು ಬರಕಿಲ್ಲ."

"ಮೀನು ಹಿಡಿಯೋರಿಗೆ ಈಜು ಬರಲ್ವಾ?"

"ಈಜು ಬಂದಿದ್ರೆ ದೋಣಿ ಯಾಕ್ ಕೇಳ್ತಿದ್ದೆ?"

ತಟ್ಟಿ ನೋಡಿದ್ದು

ತಾತನ ಹೆಂಡತಿ ಸಂತೆಯಲ್ಲಿ ಮೀನು ಮಾರುವ ಅಜ್ಜಿ. ಯಾರ ಮಾತನ್ನೂ ಹಾಗೇ ನಂಬುವವರಲ್ಲ. ರಿವೀಟಿನ ದೋಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಿವಿ ಕೊಟ್ಟು, ಬೆರಳ ಗೆಣ್ಣಿನಿಂದ ತಟ್ಟಿದರು. ಡಬ್ ಡಬ್ ಅಂತು.

"ಇದು ಬೆಂದಿಲ್ಲ," ಅಂತ ತೀರ್ಪು ಕೊಟ್ಟರು.

ವೆಲ್ಡಿಂಗಿನದನ್ನು ತಟ್ಟಿದರು. ಠಣ್ ಅಂತು. "ಇದು ಹದವಾಗಿ ಬೆಂದದೆ. ಇದ್ನೇ ತಗಳಿ."

"ಅಜ್ಜಿ, ಇದು ಮಡಕೆ ಅಲ್ಲ. ದೋಣೀನ ಯಾರೂ ಬೇಯಿಸಲ್ಲ," ಅಂದೆ.

ಅಜ್ಜಿ ನನ್ನನ್ನು ಕನಿಕರದಿಂದ ನೋಡಿದರು. "ಬೇಯಿಸ್ದೇ ನೀರಿಗಿಳ್ಸಿದ್ರೆ ಕರಗೋಗಲ್ವೇನವ್ವ?"

ನಗಬೇಕು ಅಂತ ಸೊಸೈಟಿ ಅಧ್ಯಕ್ಷರ ಕಡೆ ತಿರುಗಿದೆ. ಅವರು ಬಿ.ಎ. ಓದಿದವರು. ಅಷ್ಟರಲ್ಲಿ ಅವರೂ ಬಗ್ಗಿ ರಿವೀಟಿನದನ್ನು ಎರಡು ಸಲ ತಟ್ಟಿ, "ಅಜ್ಜಿ ಹೇಳೋದು ನಿಜ ಮೇಡಂ, ಇದು ಸ್ವಲ್ಪ ಹಸಿ," ಅಂದರು.

ಒಣನೆಲದ ಮೇಲೆ ಮುಳುಗಿಸಿದ್ದು

"ಎದುರಿಗೇ ಕೆರೆ ಇದೆ, ಇಳಿಸಿ ನೋಡೋಣ," ಅಂದೆ.

"ಇಳಿಸಿದ್ಮೇಲೆ ಮುಳುಗಿಬಿಟ್ರೆ?" ಅಂದರು ಅಧ್ಯಕ್ಷರು. "ಮೊದ್ಲು ನೆಲದ ಮೇಲೆ ಮುಳುಗುತ್ತಾ ನೋಡ್ಬಿಡೋಣ."

ಹೊಸ ಕೊಡ ತಂದರೆ ನೀರು ತುಂಬಿಸಿಟ್ಟು ಸೋರುತ್ತದಾ ಅಂತ ನೋಡುತ್ತೇವಲ್ಲ, ಅದೇ ಪರೀಕ್ಷೆ. ಎರಡೂ ದೋಣಿಗಳ ಹಿಂದೆ ಮುಂದೆ ಒಂದೊಂದು ಕಲ್ಲು ಕೊಟ್ಟು ಎತ್ತಿ ನಿಲ್ಲಿಸಿ, ಕೊಡಗಟ್ಟಲೆ ನೀರು ಹೊತ್ತು ಅಂಚಿನ ತನಕ ತುಂಬಿಸಿದರು. ಅಷ್ಟು ದೊಡ್ಡ ಕೆರೆ ಬಿಟ್ಟು ಎರಡು ಎಮ್ಮೆಗಳು ಬಂದು ದೋಣಿಯಲ್ಲೇ ನೀರು ಕುಡಿದವು.

ರಿವೀಟಿನ ದೋಣಿ ಮೂರು ಕಡೆ ತೊಟ್ಟಿಕ್ಕಿತು. ವೆಲ್ಡಿಂಗಿನದು ಒಂದು ಹನಿಯೂ ಬಿಡಲಿಲ್ಲ. ಅಜ್ಜಿ ನನ್ನನ್ನು ನೋಡಿ ಹುಬ್ಬು ಹಾರಿಸಿದರು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಆಗಲೇ ವೆಲ್ಡಿಂಗ್ ದೋಣಿಯ ಹೊಟ್ಟೆ ನೀರಿನ ಭಾರಕ್ಕೆ ಜೋತು ಟಣಕ್ ಅಂತು. ಬೆಸುಗೆ ಬೆರಳುದ್ದ ಬಿಟ್ಟುಕೊಂಡು, ನೀರೆಲ್ಲ ಅಧ್ಯಕ್ಷರ ಕಾಲ ಮೇಲೆ.

ತಾತ ಮೆತ್ತಗೆ ಹೇಳಿದರು: "ಕೆರೇಗ್ ಇಳ್ಸಿದ್ರೆ ಒಡೀತಿರ್ಲಿಲ್ಲ ಬುಡಿ."

ಗೇಟಿನ ವೆಲ್ಡರ್

ಒಡೆದದ್ದನ್ನು ಸರಿಮಾಡಿಸಬೇಕಲ್ಲ. ಲಾರಿಯಲ್ಲಿ ಹೇರಿಸಿ ತುಮಕೂರಿನ ಒಂದು ವೆಲ್ಡಿಂಗ್ ಅಂಗಡಿಗೆ ತಂದೆ.

"ಅಲ್ಯೂಮಿನಿಯಂ ಮಾಡ್ತೀರಾ?"

"ಏನ್ ಮೇಡಂ ಹಿಂಗ್ ಕೇಳ್ತೀರಾ? ಈ ರೋಡಿನ ಅರ್ಧ ಗೇಟು ನಾನೇ ಮಾಡಿರೋದು."

ವೆಲ್ಡರ್ ಕಡ್ಡಿ ತಾಗಿಸಿದರು. ಬೆಣ್ಣೆಗೆ ಬಿಸಿ ಸೌಟು ಇಟ್ಟ ಹಾಗೆ ತಗಡು ಕರಗಿ ಇಳಿಯಿತು. ಬೆರಳುದ್ದದ ಬಿರುಕು ಅಂಗೈಯಷ್ಟಾಯಿತು. ಅದನ್ನು ಮುಚ್ಚಲು ಹೋಗಿ ತಟ್ಟೆಯಷ್ಟಾಯಿತು. ಮೂರನೇ ಸಲಕ್ಕೆ ಅವರ ತಲೆಯೇ ತೂರುವಂತಾಯಿತು. ಅಲ್ಯೂಮಿನಿಯಂಗೆ ಬೇರೆ ಗ್ಯಾಸು, ಬೇರೆ ಕಡ್ಡಿ ಬೇಕು, ಅವೆಲ್ಲ ಬೆಂಗಳೂರಿನಲ್ಲಿ ಸಿಗುತ್ತವೆ ಅನ್ನುವುದು ಅವರಿಗೆ ಆಗ ನೆನಪಾಯಿತು.

ಕೈಕೆಲಸದ ಮನುಷ್ಯ, ಪಾಪ, ಮುಖ ಚಿಕ್ಕದಾಯಿತು. ಟೇಪು ಹಿಡಿದು ತೂತಿನ ಉದ್ದ ಅಗಲ ಅಳೆದು ಕೇಳಿದರು: "ಮೇಡಂ, ಇಲ್ಲಿಗೊಂದು ಚಿಕ್ಕ ಗೇಟ್ ಇಟ್ಕೊಡ್ಲಾ?"

ಅಮೃತೂರಿನ ಪಾತ್ರೆಯವನು

ವೆಲ್ಡಿಂಗ್ ದೋಣಿಗೆ ಗೋಣಿ ಹೊದಿಸಿ, ಉದ್ದನೆಯ ಕ್ಷಮಾಪಣೆ ಪತ್ರದ ಜೊತೆ ವಾಪಸ್ ಕಳಿಸಿದೆ. ಉಳಿದದ್ದು ಮೂರು ಕಡೆ ತೊಟ್ಟಿಕ್ಕುವ "ಬೇಯದ" ದೋಣಿ. ತಾತ ಅದರ ಅಂಚು ಸವರುತ್ತಾ ಕೂತಿದ್ದರು. ಇದೂ ಕೈಕೊಟ್ಟರೆ ಅವರಿಗೆ ಮತ್ತೆ ದಡವೇ ಗತಿ.

ಅಜ್ಜಿ ಅಮೃತೂರಿನಿಂದ ಪಾತ್ರೆ ರಿಪೇರಿಯವನನ್ನು ಕರೆತಂದರು. ಬಾಣಲೆ, ಡಬರಿಗಳಿಗೆ ಹಿಡಿ ಹಾಕುವವನು. ಅವನು ಒಳಗೆ ಕೂತ, ತಾತ ಹೊರಗೆ ಕಬ್ಬಿಣದ ಗುಂಡು ಒತ್ತಿ ಹಿಡಿದರು. ಮೂರು ರಿವೀಟು ಕಿತ್ತು ಮೂರು ಹೊಸದು ಹೊಡೆದ. ಕೆರೆಗೆ ಇಳಿಸಿದರೆ ಒಂದು ತೊಟ್ಟೂ ಇಲ್ಲ! ತಾತ ಆ ದಿನವೇ ನಡುಕೆರೆಗೆ ಹೋಗಿ ತೋಳುದ್ದದ ಮೀನು ತಂದರು.

ನಾನು ಖುಷಿಯಾಗಿ ದೋಣಿಯೊಳಗೆ ಇಣುಕಿದೆ. ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಕುಟ್ಟಿ ಬರೆದ ಮುದ್ದಾದ ಅಕ್ಷರ: "ಸೌ. ನಿಂಗಮ್ಮನವರಿಗೆ ತವರಿನ ಉಡುಗೊರೆ."

"ಏನಯ್ಯಾ ಇದು?"

"ಪಾತ್ರೆ ರಿಪೇರಿ ಆದ್ಮೇಲೆ ಹೆಸ್ರು ಹಾಕೋದು ವಾಡಿಕೆ ಮೇಡಂ," ಅಂದ. "ಅಜ್ಜಿ ತಮ್ ಹೆಸ್ರಷ್ಟೇ ಹೇಳಿದ್ರು. ಮಿಕ್ಕಿದ್ದು ಕೈ ತಾನೇ ಬರ್ಕೊಂಡ್ ಹೋಗ್ಬಿಡ್ತು."

ಸಾಹೇಬರ ಸವಾರಿ

ಮುಂದಿನ ವಾರ ತುಮಕೂರಿನಿಂದ ನಮ್ಮ ಸಾಹೇಬರು ಜೀಪಿನಲ್ಲಿ ಬಂದರು. ದೋಣಿ ಒಪ್ಪಿಗೆಯಾದರೆ ಸಹಿ, ಇಲ್ಲದಿದ್ದರೆ ಅದೂ ವಾಪಸ್. ಒಳಗಿನ ಬರಹ ಓದಿ ಕನ್ನಡಕ ತೆಗೆದರು.

"ಇದು ಸರ್ಕಾರದ್ದೋ, ಈಯಮ್ಮನ ತವರಿನದ್ದೋ? ಎತ್ರೀ ದೋಣೀನ!"

ತಾತ ದೋಣಿಯ ಹಗ್ಗವನ್ನು ಕೈಗೆ ಸುತ್ತಿಕೊಂಡರು. ಅಜ್ಜಿ ಮುಂದೆ ಬಂದರು. "ಸ್ವಾಮಿ, ನಮ್ ಪಾತ್ರೆ ಯಾರ ಮನೆ ಮದ್ವೆಗೆ ಹೋದ್ರೂ ವಾಪಸ್ ಬರದು ಹೆಸ್ರು ಇರೋದ್ರಿಂದ್ಲೇ. ನಿಮ್ ಆಫೀಸ್ ಸಾಮಾನು ವಾಪಸ್ ಬರ್ತವಾ?"

ಸಾಹೇಬರು ಕನ್ನಡಕ ಮತ್ತೆ ಏರಿಸಿಕೊಂಡರು. ಹೋದ ವರ್ಷ ಅವರದೇ ಆಫೀಸಿನ ಫ್ಯಾನು ಯಾರೋ ಹೊತ್ತೊಯ್ದಿದ್ದರು. "ಆಯ್ತು. ಹೊರಗಡೆ 'ಸರ್ಕಾರದ ಆಸ್ತಿ' ಅಂತ ಹೊಡೆಸಿ. ದಪ್ಪ ಅಕ್ಷರ, ಆಳವಾಗಿ. ಯಾರೂ ಉಜ್ಜಿ ಅಳಿಸಬಾರದು."

ಮೀನು ಸಾರಿನ ಆಸೆಗೆ ಪಾತ್ರೆಯವನು ಅಲ್ಲೇ ಇದ್ದ. "ತಗಡು ತೆಳ್ಳಗೈತೆ ಸ್ವಾಮಿ," ಅಂದ.

"ಹೇಳಿದಷ್ಟು ಮಾಡು."

ಮಾಡಿದ. ಸಾಹೇಬರು ಮೆಚ್ಚಿ, ಒಂದು ಸುತ್ತು ಹೋಗಿ ನೋಡಿಯೇ ಸಹಿ ಹಾಕುತ್ತೇನೆ ಅಂದರು. ತಾತ ಹುಟ್ಟು ಹಿಡಿದರು, ನಾನೂ ಹತ್ತಿದೆ. ಸಾಹೇಬರದು ಒಳ್ಳೇ ಮೈಕಟ್ಟು. ದೋಣಿ ನಾಲ್ಕು ಬೆರಳು ಕೆಳಗಿಳಿದು, ಹೊಸ ಅಕ್ಷರಗಳು ನೀರೊಳಗೆ ಹೋದವು. ನಡುಕೆರೆಗೆ ಬರುವಷ್ಟರಲ್ಲಿ ಅವರ ಬೂಟು ಒದ್ದೆ.

"ಏನ್ರೀ, ನೀರು!"

ನೋಡಿದರೆ "ಸರ್ಕಾರದ" ಅಂತ ಹೊಡೆದ ಕಡೆ ಚುಕ್ಕಿಚುಕ್ಕಿಯಲ್ಲೂ ಸಣ್ಣ ಚಿಲುಮೆ.

"ಸ್ವಾಮಿ, ಈಜು ಬರ್ತದಾ?" ಅಂದರು ತಾತ.

"ಇಲ್ಲ ಕಣಯ್ಯ! ನಿಂಗೆ?"

"ನಂಗೂ ಇಲ್ಲ."

ಸಾಹೇಬರು ಮಂಡಿಯೂರಿ ಎರಡೂ ಅಂಗೈಗಳನ್ನು ಅಕ್ಷರಗಳ ಮೇಲೆ ಒತ್ತಿ ಹಿಡಿದರು. ದಡ ಮುಟ್ಟುವ ತನಕ ತೆಗೆಯಲಿಲ್ಲ. ಇಳಿದವರೇ ಜೀಪಿನ ಬಾನೆಟ್ ಮೇಲೆ ಒದ್ದೆ ಕೈಯಲ್ಲೇ ಸಹಿ ಹಾಕಿ, "ಆ ಅಕ್ಷರ ಮುಚ್ಚಿಸಿಬಿಡಿ, ದೋಣಿ ಇಲ್ಲೇ ಇರಲಿ," ಅಂದು ಹೊರಟರು.

ಪಾತ್ರೆಯವನು ಚುಕ್ಕಿಗೊಂದರಂತೆ ರಿವೀಟು ಹೊಡೆಯುತ್ತಾ ಕೂತ. ತಾತ ಆಗಲೇ ಬಲೆ ಕೊಡವುತ್ತಿದ್ದರು. ಅಜ್ಜಿ ಮಾತ್ರ ಒಳಗಿನ ಅಂಚನ್ನು ಸೆರಗಿನಿಂದ ಒರೆಸುತ್ತಾ ನನ್ನನ್ನು ಕರೆದರು.

"ನೋಡವ್ವ, ನನ್ ತವರಿನ ಕಡೆಯಿಂದ ಒಂದ್ ತೊಟ್ಟೂ ಸೋರಿಲ್ಲ. ಸೋರಿದ್ದೆಲ್ಲ ಸರ್ಕಾರದ ಕಡೆಯಿಂದ್ಲೇ."