ಐದು ಪಾಯಿಂಟಿನ ಸೋಲು

ತಂದೆಯಾದವನಿಗೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಾಗದ ಕೆಲವು ಆಸೆಗಳಿರುತ್ತವೆ. ಮಗುವಿನ ಹುಟ್ಟುಹಬ್ಬದ ಕೇಕಿನಲ್ಲಿ ಸಕ್ಕರೆ ಹೂವಿರುವ ತುಂಡು ತನಗೇ ಬರಲಿ ಎನ್ನುವುದು ಒಂದು. ಈ ವಾರ ಪಿಯಾನೋ ಟೀಚರಿಗೆ ಒಂದಿಷ್ಟು ನೆಗಡಿಯಾಗಲಿ, ಭಾನುವಾರ ಮಲಗಬಹುದು ಎನ್ನುವುದು ಇನ್ನೊಂದು. ಇವನ್ನೆಲ್ಲ ದೇವರು ನಕ್ಕು ಕ್ಷಮಿಸುತ್ತಾನೆ. ಆದರೆ ನಾನು ಕಳೆದ ವರ್ಷ ಸುಮಾರು ಒಂದು ವಾರ, ಸ್ನಾನ ಮಾಡಿ, ದೀಪ ಹಚ್ಚಿ, ಕೈಮುಗಿದು, ನನ್ನ ಸ್ವಂತ ಮಗಳ ಶಾಲೆ ಫುಟ್‌ಬಾಲಿನಲ್ಲಿ ಸೋತುಹೋಗಲಿ ಎಂದು ಬೇಡಿಕೊಂಡೆ. ಯಾವ ಶಾಲೆ ಗೆಲ್ಲಬೇಕು ಎನ್ನುವುದನ್ನು ದೇವರಿಗೆ ಬಿಡಿಸಿ, ಎರಡು ಸಲ ಹೇಳಿದೆ. ಆಮೇಲೆ ಗೊಂದಲವಾಯಿತು ಅನ್ನಬಾರದಲ್ಲ.

ನನ್ನನ್ನು ದುಷ್ಟನೆಂದು ತೀರ್ಮಾನಿಸುವ ಮುಂಚೆ ಪೂರ್ತಿ ಕೇಳಿ. ನಾವಿರುವುದು ಆಸ್ಟಿನ್ನಿನ ಉತ್ತರಕ್ಕೆ, ರೌಂಡ್ ರಾಕ್‌ನಲ್ಲಿ. ನಾನು ಮೈಸೂರಿನವನು, ನನ್ನ ಹೆಂಡತಿ ಶೋಭಾ ಧಾರವಾಡದವಳು, ನಮ್ಮ ಮಗಳು ಇಂಚರ ಟೆಕ್ಸಸ್ಸಿನವಳು. ಇಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಓಡುವುದು, ಅವನ ಮೇಲೆ ಎಂಟು ಜನ ಬೀಳುವುದು. ನನ್ನ ಮಗಳು ಓಡುವವರಲ್ಲೂ ಇಲ್ಲ, ಬೀಳುವವರಲ್ಲೂ ಇಲ್ಲ. ಅವಳು ಶಾಲೆಯ ಬ್ಯಾಂಡಿನಲ್ಲಿ ಸೂಸಾಫೋನ್ ಊದುತ್ತಾಳೆ. ಅದು ಹೆಬ್ಬಾವಿನಂತೆ ಮೈಗೆ ಸುತ್ತಿಕೊಳ್ಳುವ ದೊಡ್ಡ ಹಿತ್ತಾಳೆ ತುತ್ತೂರಿ. ಕೋಗಿಲೆಯಂತೆ ಹಾಡಲಿ ಎಂದು ಇಂಚರ ಎಂಬ ಹೆಸರಿಟ್ಟೆವು, ಅವಳು ಆನೆ ಘೀಳಿಡುವ ವಾದ್ಯವನ್ನು ಆರಿಸಿಕೊಂಡಳು. ನಾಲ್ಕು ವರ್ಷ, ಆಗಸ್ಟಿನ ಬಿಸಿಲಿನಲ್ಲಿ, ದೋಸೆ ಹುಯ್ಯಬಹುದಾದಷ್ಟು ಕಾದ ಪಾರ್ಕಿಂಗ್ ಜಾಗದಲ್ಲಿ, ಅದನ್ನು ಹೊತ್ತು ಹೆಜ್ಜೆ ಹಾಕುವುದನ್ನು ಕಲಿತಿದ್ದಾಳೆ. ಕಳೆದ ವರ್ಷ ಹನ್ನೆರಡನೆಯ ಕ್ಲಾಸು, ಅಂದರೆ ಬ್ಯಾಂಡಿನಲ್ಲಿ ಅವಳ ಕೊನೆಯ ವರ್ಷ.

ಇನ್ನು ನನ್ನ ಕಥೆ. ಆಫೀಸಿನಲ್ಲಿ ನಾನು ಬೇರೆಯವರು ಮಾಡಿದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವವನು. ನನ್ನ ತಪ್ಪುಗಳನ್ನು ಹುಡುಕುವ ಕೆಲಸ ಮನೆಯಲ್ಲಿ ನಡೆಯುತ್ತದೆ. ಉಳಿದ ಹೊತ್ತಿನಲ್ಲಿ ನಾನು ನಾಟಕಕಾರ. ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆಂದು ಎರಡು ವರ್ಷ ತಿದ್ದಿ ತೀಡಿ ಒಂದು ನಾಟಕ ಬರೆದಿದ್ದೆ. ಅದರಲ್ಲಿ ಮುಖ್ಯ ಪಾತ್ರ ಒಬ್ಬ ಹಟಮಾರಿ ಅಜ್ಜಿ. ಆ ಪಾತ್ರಕ್ಕೆ ನಮ್ಮ ಇಂಚರಳೇ ಸರಿ ಎಂದು ಎಲ್ಲರೂ ಒಪ್ಪಿದರು. ಅವಳು ನಮ್ಮೊಂದಿಗೆ ಮಾತಾಡುವುದು ಇಂಗ್ಲಿಷಿನಲ್ಲೇ, ಆದರೆ ನಮ್ಮ ಅಮ್ಮನ ದನಿಯನ್ನು ಅನುಕರಿಸು ಎಂದರೆ ಸಾಕು, ಸೊಂಟಕ್ಕೆ ಕೈಯಿಟ್ಟು ಎಂಬತ್ತು ವರ್ಷದವಳಾಗಿಬಿಡುತ್ತಾಳೆ. ಮಾತುಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟೆ. ಒಂದೇ ತಿಂಗಳಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದಳು.

ನಾಟಕದ ದಿನ ನಿಶ್ಚಯಿಸಲು ಜೂನ್ ತಿಂಗಳಲ್ಲಿ ನಮ್ಮ ಮನೆಯ ಹಾಲಿನಲ್ಲಿ ಸಭೆ ಸೇರಿತು. ಒಬ್ಬರು ಪಂಚಾಂಗ ತೆಗೆದು ಅಮಾವಾಸ್ಯೆ ನೋಡಿದರು. ಇನ್ನೊಬ್ಬರು ಆ ದಿನದ ರಾಹುಕಾಲ ನೋಡಿದರು. ಅದೂ ಭಾರತದ್ದೋ ಟೆಕ್ಸಸ್ಸಿನದೋ ಎಂದು ಅರ್ಧ ಗಂಟೆ ಚರ್ಚೆಯಾಗಿ, ಎರಡನ್ನೂ ತಪ್ಪಿಸುವುದು ಕ್ಷೇಮ ಎಂದಾಯಿತು. ತೆಲುಗಿನವರ ದೀಪಾವಳಿ ಯಾವತ್ತು, ತಮಿಳರ ಸಂಗೀತ ಯಾವತ್ತು, ಭಾರತದ ಕ್ರಿಕೆಟ್ ಪಂದ್ಯವೇನಾದರೂ ಇದೆಯೇ, ಎಲ್ಲ ವಿಚಾರಿಸಿದೆವು. ಕೊನೆಗೆ ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಫ್ಲೂಗರ್‌ವಿಲ್‌ನ ಒಂದು ಸಭಾಂಗಣ ಗೊತ್ತು ಮಾಡಿದೆವು. ಟೆಕ್ಸಸ್ಸಿನಲ್ಲಿ ಇಪ್ಪತ್ತು ವರ್ಷ ಬಾಳಿದ ಹನ್ನೊಂದು ಜನ ಕೂತಿದ್ದೆವು. ನವೆಂಬರ್ ತಿಂಗಳಲ್ಲಿ ಇಲ್ಲಿಯ ಶಾಲೆಗಳಿಗೆ ಪ್ಲೇಆಫ್ ಎಂಬುದೊಂದು ಇರುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದಿದ್ದರೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ ಎನ್ನಿ. ಇಂಚರ ಸೇರಿದಾಗಿನಿಂದ ಅವಳ ಶಾಲೆಯ ತಂಡ ಪ್ಲೇಆಫ್ ಕಡೆಗೆ ತಲೆ ಹಾಕಿ ಮಲಗಿದ್ದೂ ಇಲ್ಲ. ಆದರೆ ಕಳೆದ ಸೆಪ್ಟೆಂಬರಿನಲ್ಲಿ ಅವರಿಗೆ ಏನು ಬಡಿಯಿತೋ, ಗೆಲ್ಲತೊಡಗಿದರು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಉಳಿದದ್ದು ಒಂದೇ ಪಂದ್ಯ, ಹೆದ್ದಾರಿಯ ಆಚೆ ಬದಿಯ ಶಾಲೆಯ ಮೇಲೆ. ಈ ಎರಡು ಶಾಲೆಗಳದು ಹಾವು ಮುಂಗುಸಿ ಸಂಬಂಧ. ನಮ್ಮವರು ದಾಟಿದರೆ ಮುಂದಿನ ಪಂದ್ಯ ಹ್ಯೂಸ್ಟನ್ ಹತ್ತಿರ, ನನ್ನ ನಾಟಕದ ಶನಿವಾರವೇ. ತಂಡ ಹೋದಲ್ಲಿ ಬ್ಯಾಂಡೂ ಹೋಗಬೇಕು, ಬೆಳಿಗ್ಗೆಯೇ ಬಸ್ಸು. ದಾಟದಿದ್ದರೆ ಇಂಚರ ಸೋಮವಾರ ಯೂನಿಫಾರ್ಮ್ ವಾಪಸು ಕೊಡುತ್ತಾಳೆ, ನಾಲ್ಕು ವರ್ಷದ ಹೆಜ್ಜೆ ಅಲ್ಲಿಗೆ ಮುಗಿಯಿತು. ಅವಳೇನೂ ಗಲಾಟೆ ಮಾಡಲಿಲ್ಲ. ನಾವು ಹೇಗೂ ಸೋಲುತ್ತೇವೆ ಅಪ್ಪ, ನೀನು ಯೋಚನೆ ಮಾಡಬೇಡ ಎಂದು ಇಂಗ್ಲಿಷಿನಲ್ಲಿ ನನಗೇ ಸಮಾಧಾನ ಹೇಳಿದಳು. ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಪ್ರಾರ್ಥನೆ ಶುರುವಾದದ್ದು ಆಗಲೇ. ಮನಸ್ಸಿನಲ್ಲೇ ಮಾಡಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ. ಚಿಕ್ಕಂದಿನಿಂದ ತುಟಿಯಲ್ಲಿ ಪಿಟಿಪಿಟಿ ಅಂದುಕೊಂಡು ಬೇಡುವ ಅಭ್ಯಾಸ. ಹೂ ತಂದ ಶೋಭಾ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಳು.

"ದೇವ್ರ ಮುಂದ ನಿಂತು ಇಂಥಾದ್ದು ಬೇಡ್ತಾರೇನ್ರೀ? ನೀವು ಆಕೀ ಅಪ್ಪ ಅದೀರೋ, ಆ ಕಡೀ ಸಾಲಿ ಕೋಚ್ ಅದೀರೋ?"

ಎರಡು ವರ್ಷದ ಶ್ರಮ, ಮುನ್ನೂರು ಜನ ಬರುತ್ತಾರೆ, ಅಜ್ಜಿಯಿಲ್ಲದೆ ನಾಟಕವೇ ಇಲ್ಲ ಎಂದೆಲ್ಲ ವಾದಿಸಿದೆ. ಅವಳು ಹೂವನ್ನು ದೇವರಿಗಿಟ್ಟು, ನನಗೆ ಕೇಳಿಸುವಂತೆ, ಈ ಮನುಷ್ಯ ಹೇಳಿದ್ದನ್ನು ಮನಸ್ಸಿಗೆ ತಗೋಬೇಡಪ್ಪ ಎಂದು ಹೇಳಿ ಅಡುಗೆಮನೆಗೆ ಹೋದಳು.

ಪಂದ್ಯ ನಾಟಕದ ಹಿಂದಿನ ಶನಿವಾರ ಮಧ್ಯಾಹ್ನ ಎರಡಕ್ಕೆ. 'ಬ್ಯಾಂಡ್ ಡ್ಯಾಡ್' ಎಂದು ಬರೆದ ಕುಂಕುಮ ಬಣ್ಣದ ಅಂಗಿ ತೊಟ್ಟು ಶೋಭಾಳ ಜೊತೆ ಹೋದೆ. ಸ್ಟೇಡಿಯಮ್ಮಿನೊಳಗೆ ಪಾರದರ್ಶಕ ಚೀಲ ಮಾತ್ರ ಒಯ್ಯಬೇಕೆಂಬ ನಿಯಮವಿದೆ. ಮನಸ್ಸಿಗೂ ಆ ನಿಯಮವಿದ್ದಿದ್ದರೆ ನನ್ನನ್ನು ಗೇಟಿನಲ್ಲೇ ಹಿಡಿದು ಹಾಕುತ್ತಿದ್ದರು. ಪಕ್ಕದ ಮನೆಯ ಗ್ಯಾರಿ ನಮಗಾಗಿ ಜಾಗ ಹಿಡಿದಿದ್ದ. ಅರವತ್ತೈದು ದಾಟಿದ ಮನುಷ್ಯ, ಅವನ ಮೊಮ್ಮಗಳು ಅದೇ ಬ್ಯಾಂಡಿನಲ್ಲಿ ಕೊಳಲು ಊದುತ್ತಾಳೆ. ಅವನು ಶಾಲೆಯಲ್ಲಿದ್ದಾಗ ಇದೇ ಎದುರಾಳಿಯ ಮೇಲೆ ಆಡಿ ಮುರಿದುಕೊಂಡ ಬೆರಳನ್ನು ಇವತ್ತಿಗೂ ಪದಕದಂತೆ ತೋರಿಸುತ್ತಾನೆ. ಇವತ್ತು ಏನಾಗಬಹುದು ಎಂದು ಅವನು ನನ್ನನ್ನು ಕೇಳಿದ. ದೇವರ ಇಚ್ಛೆ ಎಂದೆ. ಅವನು ಬಹಳ ಗೌರವದಿಂದ ತಲೆಯಾಡಿಸಿದ.

ಅರ್ಧ ಆಟ ಮುಗಿದಾಗ ಬ್ಯಾಂಡು ಮೈದಾನಕ್ಕಿಳಿಯಿತು. ಇನ್ನೂರು ಮಕ್ಕಳು, ಒಂದೇ ಹೆಜ್ಜೆ. ಸೂಸಾಫೋನಿನವರ ಸಾಲು ಹಿಂದೆ. ಆ ದೊಡ್ಡ ಹಿತ್ತಾಳೆ ಬಾಯಿಗಳ ಕೆಳಗೆ ಮುಖ ಕಾಣುವುದಿಲ್ಲ, ಕಾಲು ಮಾತ್ರ. ಆದರೂ ನನ್ನ ಮಗಳ ಕಾಲು ನನಗೆ ಗೊತ್ತಾಗುತ್ತದೆ. ಎಡಗಾಲನ್ನು ಒಂಚೂರು ಹುಷಾರಾಗಿ ಊರುತ್ತಾಳೆ. ಐದು ವರ್ಷದವಳಿದ್ದಾಗ ಹಿತ್ತಲಿನಲ್ಲಿ ಬರಿಗಾಲಿನಲ್ಲಿ ಕೆಂಪಿರುವೆಯ ಗೂಡು ತುಳಿದು, ಆಮೇಲೆ ಒಂದು ವರ್ಷ ಹುಲ್ಲಿನ ಮೇಲೆ ಕಾಲಿಡಬೇಕಾದರೆ ಎತ್ತಿಕೋ ಎಂದು ಕೈ ಚಾಚುತ್ತಿದ್ದಳು. ಅದೇ ಹುಡುಗಿ ಹದಿನೈದು ಕೇಜಿ ಭಾರ ಹೊತ್ತು, ಹಿಂದಕ್ಕೆ ನೋಡದೆ ಹಿಂದಕ್ಕೇ ನಡೆಯುತ್ತಿದ್ದಳು. ಇದು ಇವತ್ತಿಗೇ ಮುಗಿಯಲಿ ಎಂದು ನಾನು ಕೇಳಿಕೊಂಡಿದ್ದೇನೆ ಎನ್ನುವುದು ಆಗ ಎದೆಗೆ ತಟ್ಟಿತು. ನನಗೆ ಅಳು ಬಂತು. ಅರ್ಜಿಯನ್ನು ವಾಪಸು ತೆಗೆದುಕೊಂಡೆ ಎಂದು ಹೇಳುವಷ್ಟು ದೊಡ್ಡವನಲ್ಲ ನಾನು. ದೇವರೇ, ನಾನು ಹೇಳಿದ್ದು ಹೇಳಿಯಾಗಿದೆ, ನಿನಗೆ ತೋಚಿದಂತೆ ಮಾಡು ಎಂದು ಜವಾಬ್ದಾರಿಯನ್ನು ಅವನ ಮೇಲೆ ಹಾಕಿದೆ.

ಅವನಿಗೆ ತೋಚಿದ್ದು ಹೀಗೆ. ಒಂದೇ ನಿಮಿಷ ಉಳಿದಿದ್ದಾಗ ನಮ್ಮವರು ಐದು ಪಾಯಿಂಟು ಹಿಂದಿದ್ದರು, ಚೆಂಡು ಎದುರಾಳಿಯ ಕೈಯಲ್ಲಿತ್ತು. ಲೆಕ್ಕ ಮುಗಿಯಿತು. ನಾಟಕ ಉಳಿಯಿತು. ನನ್ನೊಳಗೆ ಒಂದು ಕಡೆ ನೆಮ್ಮದಿ, ಇನ್ನೊಂದು ಕಡೆ ಆ ಮಗುವಿನ ಮುಖ ಹೇಗೆ ನೋಡಲಿ ಎಂಬ ನಾಚಿಕೆ. ಆದರೆ ಗೆದ್ದಾಗಿದ್ದ ಆ ಎದುರಾಳಿಗಳು ಸುಮ್ಮನೆ ನಿಲ್ಲುವುದು ಬಿಟ್ಟು ನಮ್ಮ ಗೆರೆಯ ತನಕ ನುಗ್ಗಿ, ಇನ್ನಷ್ಟು ಪಾಯಿಂಟು ಹೊಡೆಯಲು ಒದ್ದಾಡುತ್ತಿದ್ದರು. ಏನು ದುರಾಸೆ. ಸತ್ತವರನ್ನು ಎಬ್ಬಿಸಿ ಹೊಡೆಯುವುದೇ? ನನಗೆ ಮೈಯೆಲ್ಲ ಉರಿಯಿತು. ಹೇಗೂ ನನ್ನ ಕೆಲಸ ಆಗಿತ್ತು, ಇನ್ನು ನಮ್ಮ ಹುಡುಗರ ಪರ ನಿಲ್ಲಲು ನನಗೇನು ನಷ್ಟ? ಬೆಂಚಿನ ಮೇಲೆ ಹತ್ತಿ ನಿಂತು, ಎರಡೂ ಕೈ ಬೀಸಿ, ಬ್ಯಾಂಡಿನವರೆಲ್ಲ ತಿರುಗಿ ನೋಡುವಂತೆ ಅಚ್ಚ ಮೈಸೂರು ಕನ್ನಡದಲ್ಲಿ ಕೂಗಿದೆ: "ಬಿಡಬೇಡ್ರೋ! ಅವನ್ನ ಹಿಡ್ಕೊಳ್ರೋ!"

ಹಿಡಿದುಕೊಂಡರು. ಗೆರೆಗೆ ಒಂದು ಗಜ ಇರುವಾಗ ಓಡುತ್ತಿದ್ದವನನ್ನು ಕೆಡವಿದರು, ಸಮಯ ಮುಗಿಯಿತು, ನಾವು ಐದು ಪಾಯಿಂಟಿನಿಂದ ಸೋತೆವು. ಸೋತದ್ದೇ ತಡ, ನಮ್ಮ ಕಡೆಯವರೆಲ್ಲ ಎದ್ದು ಕುಣಿಯತೊಡಗಿದರು. ಗೆದ್ದವರು ಮೈದಾನದಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಸೋಲು ಗೆಲುವನ್ನು ಸಮನಾಗಿ ಕಾಣುವ ಈ ಟೆಕ್ಸಸ್ಸಿನ ಜನರ ಬಗ್ಗೆ ನನಗೆ ಗೌರವ ಉಕ್ಕಿತು. ಗ್ಯಾರಿ ನನ್ನನ್ನು ಅಪ್ಪಿಕೊಂಡು ಅಳುತ್ತಿದ್ದ. ಬೆನ್ನು ತಟ್ಟಿ, ಬೇಜಾರು ಮಾಡಿಕೊಳ್ಳಬೇಡ, ಬರುವ ವರ್ಷ ನೋಡೋಣ ಎಂದೆ. ಅವನು ನನ್ನನ್ನು ದೂರ ಹಿಡಿದು, ಮಗುವಿಗೆ ಹೇಳುವಂತೆ ಹೇಳಿದ. ಮೂರು ಶಾಲೆಗಳು ಸಮಸಮ ಆಗಿವೆ, ಹಾಗಾದಾಗ ಯಾರು ಯಾರನ್ನು ಎಷ್ಟರಿಂದ ಸೋಲಿಸಿದರು ಎಂದು ನೋಡುತ್ತಾರೆ, ನಾವು ಹತ್ತಕ್ಕಿಂತ ಕಡಿಮೆಯಲ್ಲಿ ಸೋತರೆ ಸಾಕಿತ್ತು. ಹ್ಯೂಸ್ಟನ್‌ಗೆ ಹೊರಟಿದ್ದೇವೆ ಎಂದ. ನೆಟ್ ರನ್ ರೇಟ್ ಲೆಕ್ಕ ಹಾಕುತ್ತಲೇ ಮೀಸೆ ಬಂದವನು ನಾನು. ಭಾರತ ಮುಂದಿನ ಸುತ್ತಿಗೆ ಹೋಗಲು ಯಾರು ಯಾರನ್ನು ಎಷ್ಟು ಓವರಿನಲ್ಲಿ ಸೋಲಿಸಬೇಕು ಎಂದು ಕಾಗದ ಪೆನ್ಸಿಲಿಲ್ಲದೆ ಹೇಳುವವನು. ನನ್ನ ಸೋಲಿಗಾಗಿ ನಾನೇ ಗಂಟಲು ಹರಿಯುವಂತೆ ಕೂಗಿದ್ದೆ.

ಕೆಳಗಿಳಿದು ಬಂದಾಗ ಇಂಚರ ತುತ್ತೂರಿಯನ್ನು ಹುಲ್ಲಿನ ಮೇಲಿಟ್ಟು ಓಡಿಬಂದಳು. ಬೆವರಿನಲ್ಲಿ ತೊಯ್ದು ಹೋಗಿದ್ದಳು. ನನ್ನ ಕುತ್ತಿಗೆಗೆ ಜೋತುಬಿದ್ದು, ಅಪರೂಪಕ್ಕೆ, ಕನ್ನಡದಲ್ಲೇ ಮಾತಾಡಿದಳು.

"ನಾನು ನೋಡ್ದೆ ಅಪ್ಪ. ನಿನ್ ನಾಟಕ ಹೋಗತ್ತೆ ಅಂತ ಗೊತ್ತಿದ್ರೂ ನೀನು ನಮಗೋಸ್ಕರ ಕೂಗಿದೆ."

ಅವಳ ಭುಜದಾಚೆ ಶೋಭಾ ನನ್ನನ್ನೇ ನೋಡುತ್ತಿದ್ದಳು. ಸತ್ಯ ಅವಳ ನಾಲಿಗೆಯ ತುದಿಯಲ್ಲಿತ್ತು. ಇಪ್ಪತ್ತೊಂದು ವರ್ಷದ ದಾಂಪತ್ಯದಲ್ಲಿ ಅವಳು ಬಾಯಿಗೆ ಬಂದ ಮಾತನ್ನು ನುಂಗಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಅವಳು ಮಗಳ ಟೋಪಿ ಎತ್ತಿಕೊಂಡು ಕಾರಿನ ಕಡೆ ನಡೆದಳು.

ನಾಟಕ ನಿಲ್ಲಲಿಲ್ಲ. ಅಜ್ಜಿಯ ಪಾತ್ರವನ್ನು ಶೋಭಾ ಮಾಡಿದಳು. ಒಂದೇ ವಾರದಲ್ಲಿ ಮೈಸೂರಿನ ಅಜ್ಜಿ ಧಾರವಾಡದವಳಾದಳು, ನಾನು ಬರೆಯದ ಎಷ್ಟೋ ಮಾತುಗಳನ್ನಾಡಿದಳು, ಜನ ನಕ್ಕದ್ದು ಅವಕ್ಕೇ. ಹ್ಯೂಸ್ಟನ್ನಿನಲ್ಲಿ ನಮ್ಮ ತಂಡ ಚಿಂದಿಯಾಯಿತು. ಇಂಚರಳಿಗೆ ಅದರ ಬೇಸರವೇ ಇರಲಿಲ್ಲ. ಇನ್ನೊಂದು ಸಲ ನಡೆದೆನಲ್ಲ ಅಪ್ಪ ಎಂದಳು. ಸಿಕ್ಕ ಅಂಕಲ್ ಆಂಟಿಯರಿಗೆಲ್ಲ ತನ್ನ ಅಪ್ಪನ ತ್ಯಾಗದ ಕಥೆ ಹೇಳಿಕೊಂಡು ಬಂದಳು. ಅವರು ನನ್ನ ಕೈ ಕುಲುಕುವಾಗ ನಾನು ನೆಲ ನೋಡಿದೆ. ಅದನ್ನು ವಿನಯ ಎಂದುಕೊಂಡರು.

ಎಲ್ಲಾದರೂ ತಪ್ಪೊಪ್ಪಿಕೊಳ್ಳದೆ ಇರಲಾಗಲಿಲ್ಲ, ಅದಕ್ಕೇ ಇದನ್ನು ಬರೆಯಲು ಕೂತೆ. ಮೊನ್ನೆ ಇಂಚರ ಬಂದು ನನ್ನ ಹೆಗಲ ಮೇಲೆ ಗಲ್ಲವಿಟ್ಟು ಪುಟವನ್ನು ನೋಡಿದಳು. ಆ ಪಂದ್ಯದ ಬಗ್ಗೆ ಬರೆಯುತ್ತಿದ್ದೇನೆ ಎಂದೆ. ಅವಳ ಕಣ್ಣು ತುಂಬಿ ಬಂತು. ಈ ರಜೆಯಲ್ಲಿ ಕನ್ನಡ ಓದುವುದನ್ನು ಕಲಿತೇ ಕಲಿಯುತ್ತೇನೆ, ಅಮ್ಮ ಹೇಳಿಕೊಡುತ್ತೇನೆ ಎಂದಿದ್ದಾಳೆ, ಮೊಟ್ಟಮೊದಲು ಇದನ್ನೇ ಓದುತ್ತೇನೆ ಎಂದಳು. ಮಕ್ಕಳಿಗೆ ಕನ್ನಡ ಓದಲು ಕಲಿಸಿ ಎಂದು ಹದಿನೈದು ವರ್ಷದಿಂದ, ಪ್ರತಿ ರಾಜ್ಯೋತ್ಸವದಲ್ಲೂ, ಮೈಕು ಹಿಡಿದು ಊರಿಗೆಲ್ಲ ಉಪದೇಶ ಮಾಡಿಕೊಂಡು ಬಂದವನು ನಾನು. ಅವಳ ತಲೆ ಸವರಿ, "ಅಷ್ಟೊಂದು ಅವಸರ ಏನಿಲ್ಲ ಪುಟ್ಟಿ, ನಿಧಾನವಾಗಿ ಕಲಿ" ಎಂದೆ.